ಹಳ್ಳಿ ನಾಟಕಕ್ಕೆ ರಾತ್ರಿ 10ರ ಗಡಿ: ಪೂರ್ವ ತಾಲ್ಲೂಕಿನ ಪೌರಾಣಿಕ ನಾಟಕ, ತಾಲೀಮಿನಿಂದ ಮಂಗಳದವರೆಗೆ

ರಾಗಿ ಕಟಾವು ಮುಗಿದು, ಒಕ್ಕಣೆಯಾಗಿ, ಸಂಕ್ರಾಂತಿ ಹತ್ತಿರ ಬಂತು ಅಂದ್ರೆ ಬೆಂಗಳೂರು ಪೂರ್ವ ತಾಲ್ಲೂಕಿನ ಹಳ್ಳಿಗಳಲ್ಲಿ ಮೊದಲೆಲ್ಲ ಒಂದೇ ಪ್ರಶ್ನೆ ಇತ್ತು: ಈ ಸಲ ಯಾವ ನಾಟಕ? ಈಗ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತೆ: ಪರ್ಮಿಷನ್ ಎಷ್ಟು ಗಂಟೆವರೆಗೆ?

ಬಿದರಹಳ್ಳಿ, ವರ್ತೂರು, ಕೆ.ಆರ್.ಪುರ ಹೋಬಳಿಗಳ ಊರುಗಳಲ್ಲಿ, ಪಕ್ಕದ ಹೊಸಕೋಟೆ, ಮಾಲೂರು, ದೇವನಹಳ್ಳಿ ಕಡೆಯಲ್ಲೂ, ಊರಹಬ್ಬ ಅಂದ್ರೆ ಬರೀ ತೇರು, ದೀಪ, ಕರಗ ಅಲ್ಲ. ಕುರುಕ್ಷೇತ್ರ, ಶ್ರೀಕೃಷ್ಣ ಸಂಧಾನ, ದಾನಶೂರ ಕರ್ಣ, ದಕ್ಷಯಜ್ಞ, ರಾಜಾ ಸತ್ಯಹರಿಶ್ಚಂದ್ರ, ಶನಿಮಹಾತ್ಮೆ, ಇವುಗಳಲ್ಲಿ ಒಂದು ನಾಟಕ ಆಗಲೇಬೇಕು. ರಾತ್ರಿ 9ಕ್ಕೋ 10ಕ್ಕೋ ಪರದೆ ಎದ್ದರೆ ಮಂಗಳ ಹಾಡುವಾಗ ಬೆಳಗಿನ ಬಸ್ಸು ಬಂದಿರುತ್ತೆ. ಆಡುವವರು ರೈತರು, ಹಾಲಿನ ಡೇರಿಯವರು, ಕಾರ್ಖಾನೆ ನೌಕರರು, ಆಟೊ ಚಾಲಕರು, ಕಿರಾಣಿ ಅಂಗಡಿಯವರು. ಕಲಿಸುವವರು ಒಬ್ಬ ಹಾರ್ಮೋನಿಯಂ ಮೇಷ್ಟ್ರು.

ಇದೇ ಊರುಗಳ ಸುತ್ತ ಈಗ ಬಡಾವಣೆಗಳು, ಅಪಾರ್ಟ್‌ಮೆಂಟುಗಳು ಎದ್ದಿವೆ. 2007ರಲ್ಲಿ ಕೆ.ಆರ್.ಪುರ ಮತ್ತು ಮಹದೇವಪುರ ನಗರಸಭೆಗಳು ಬಿಬಿಎಂಪಿಗೆ ಸೇರಿದವು, ಜತೆಗೆ ನಗರದ ಸುತ್ತಲಿನ 110 ಹಳ್ಳಿಗಳೂ ಸೇರಿದವು. 2023ರಲ್ಲಿ ಮೆಟ್ರೊ ಬಂತು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆ, ಅದರಲ್ಲಿ ಒಂದು ಪೂರ್ವ ನಗರ ಪಾಲಿಕೆ. ಊರಿನ ಗಡಿ ಹೀಗೆ ಬದಲಾಗುತ್ತಾ ಬಂತು, ನಾಟಕದ ಉದ್ದ ಮಾತ್ರ ಬದಲಾಗಿಲ್ಲ. ಅಲ್ಲೇ ತೊಡಕು ಶುರುವಾಗೋದು.

ತಾಲೀಮು ಅಂದ್ರೆ ಏನು

ಪೇಟೆಯಲ್ಲಿ ಈಗ 'ರಂಗ ಕಾರ್ಯಾಗಾರ' ಅನ್ನುತ್ತಾರಲ್ಲ, ಹಳ್ಳಿಯಲ್ಲಿ ಅದರ ಹೆಸರು ತಾಲೀಮು. ಪೇಟೆಯ ಕಾರ್ಯಾಗಾರ ಒಂದು ವಾರ, ಹತ್ತು ದಿನ. ಹಳ್ಳಿಯ ತಾಲೀಮು ಮೂರು ತಿಂಗಳು, ಕೆಲವು ಸಲ ಆರು ತಿಂಗಳು.

ಮೊದಲು ಊರಿನ ಹತ್ತು ಜನ ಸೇರಿ ಒಂದು ಸಂಘದ ಹೆಸರು ಇಟ್ಟುಕೊಳ್ಳುತ್ತಾರೆ. ಸಾಮಾನ್ಯವಾಗಿ ಊರದೇವರ ಹೆಸರು, ಅದರ ಮುಂದೆ 'ಕೃಪಾಪೋಷಿತ ನಾಟಕ ಮಂಡಳಿ'. ಆಮೇಲೆ ಮೇಷ್ಟ್ರನ್ನು ಗೊತ್ತು ಮಾಡುವುದು. ಒಳ್ಳೇ ದಿನ ನೋಡಿ ಗಣಪತಿ ಪೂಜೆ, ನಾಟಕದ ಪುಸ್ತಕಕ್ಕೆ ಪೂಜೆ, ಪಾತ್ರ ಹಂಚಿಕೆ. ದಿನಾ ರಾತ್ರಿ ಊಟವಾದ ಮೇಲೆ, ದೇವಸ್ಥಾನದ ಪ್ರಾಂಗಣದಲ್ಲೋ, ಶಾಲೆಯ ಹಳೇ ಕೊಠಡಿಯಲ್ಲೋ, ಯಾರದೋ ಖಾಲಿ ಮನೆಯಲ್ಲೋ ತಾಲೀಮು.

ಮೇಷ್ಟ್ರ ಕೆಲಸ ದೊಡ್ಡದು. ಎಷ್ಟೋ ಪಾತ್ರಧಾರಿಗಳಿಗೆ ಓದು ಬರಹ ಕಡಿಮೆ ಇದ್ದ ಕಾಲದಲ್ಲಿ ಸಾಲು ಸಾಲಾಗಿ ಬಾಯಲ್ಲಿ ಹೇಳಿಕೊಟ್ಟು ಕಂಠಪಾಠ ಮಾಡಿಸುತ್ತಿದ್ದರು. ಈಗ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಹೊಲದಲ್ಲಿ, ಡ್ಯೂಟಿಯಲ್ಲಿ ಕೇಳಿಕೊಂಡು ಕಲಿಯುತ್ತಾರೆ. ಹಾಡು ಇನ್ನೂ ಕಷ್ಟ. ಪೌರಾಣಿಕ ನಾಟಕದಲ್ಲಿ ಪಾತ್ರ ಒಳಗೆ ಬಂದ ಕೂಡಲೇ ಕಂದಪದ್ಯ, ಆಮೇಲೆ ರಾಗ ತಾಳ ಕಟ್ಟಿದ ಹಾಡು, ಆಮೇಲೆ ಮಾತು. ಕಂದಕ್ಕೆ ತಾಳವಿಲ್ಲ, ರಾಗದಲ್ಲಿ ಎಳೆದು ಹಾಡಬೇಕು. ಶ್ರುತಿ ಗೊತ್ತಿಲ್ಲದ ಗಂಟಲಿಗೆ ಮೇಷ್ಟ್ರು ಪೆಟ್ಟಿಗೆಯ ಒಂದು ಮನೆ ಒತ್ತಿ ಹಿಡಿದು, 'ಇಲ್ಲಿ ನಿಲ್ಲು' ಅಂತ ಕೂರಿಸಬೇಕು. ಕೊನೆಗೆ ಒಂದು ಟ್ರಯಲ್, ಆಮೇಲೆ ಪ್ರದರ್ಶನ.

ಗಂಡಸರ ಪಾತ್ರವೆಲ್ಲ ಊರಿನವರದ್ದು. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ, ಭಾನುಮತಿ, ಈ ಪಾತ್ರಗಳಿಗೆ ಹೊರಗಿನಿಂದ ವೃತ್ತಿ ಕಲಾವಿದೆಯರು ಬರುತ್ತಾರೆ. ಅವರಿಗೆ ಎಲ್ಲಾ ನಾಟಕದ ಎಲ್ಲಾ ಸಾಲೂ ಬಾಯಿಪಾಠ. ಟ್ರಯಲ್‌ಗೆ ಒಂದು ದಿನ, ಪ್ರದರ್ಶನಕ್ಕೆ ಒಂದು ದಿನ ಬಂದು, ಎದುರಿಗೆ ನಿಂತ ಹೊಸಬ ಮಾತು ಮರೆತರೆ ತಾವೇ ಎತ್ತಿಕೊಟ್ಟು ದಡ ಸೇರಿಸುತ್ತಾರೆ. ಕರಪತ್ರದಲ್ಲಿ ಊರಿನವರ ಫೋಟೊ ದೊಡ್ಡದಾಗಿರುತ್ತೆ, ಇವರ ಹೆಸರು ಕೊನೆಗೆ. ನಾಟಕ ನಿಲ್ಲುವುದು ಮಾತ್ರ ಮೇಷ್ಟ್ರ ಮತ್ತು ಇವರ ಬಲದ ಮೇಲೆ.

ಎಲ್ಲಿಂದ ಬಂತು

ಈಗ ಹಳ್ಳಿಯಲ್ಲಿ ಆಡುವ ನಾಟಕದ ಪರದೆ, ಸೀನರಿ, ಝಗಝಗಿಸುವ ಕಿರೀಟ, ಹಾರ್ಮೋನಿಯಂ, ಇದೆಲ್ಲ ಕಂಪನಿ ನಾಟಕದಿಂದ ಬಂದದ್ದು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಮಂಡಳಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನ ಹೆಸರಾಂತ ಕಂಪನಿ ಆಯಿತು. ಅವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದವು. ಡಾ. ರಾಜಕುಮಾರ್ ಸಿನಿಮಾಕ್ಕೆ ಬರುವ ಮೊದಲು ಬೆಳೆದದ್ದೂ ಇದೇ ಕಂಪನಿಯ ನೆರಳಲ್ಲಿ.

ಸಿನಿಮಾ ಬಂದು ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ ಅಲ್ಲಿ ಪೆಟ್ಟಿಗೆ ನುಡಿಸುತ್ತಿದ್ದವರು, ಹಾಡುತ್ತಿದ್ದವರು ಎಷ್ಟೋ ಜನ ಹಳ್ಳಿಯ ಮೇಷ್ಟ್ರಾದರು. ಅವರು ಕಲಿಸಿದ ಶಿಷ್ಯರು ಮುಂದಿನ ಮೇಷ್ಟ್ರು. ಪೇಟೆಯಲ್ಲಿ ಪರದೆ, ಡ್ರೆಸ್, ಗದೆ, ಸಿಂಹಾಸನ ಬಾಡಿಗೆಗೆ ಕೊಡುವ ಅಂಗಡಿಗಳು ಹುಟ್ಟಿಕೊಂಡವು. ಹೀಗೆ ಕಂಪನಿ ಸತ್ತರೂ ಕಂಪನಿಯ ನಾಟಕ ಹಳ್ಳಿಯಲ್ಲಿ ಉಳಿಯಿತು.

ಪೂರ್ವ ಭಾಗದಲ್ಲಿ ಇನ್ನೊಂದು ಕಾಲುವೆಯೂ ಇತ್ತು. ಹಿಂದೂಸ್ತಾನ್ ಏರೊನಾಟಿಕ್ಸ್ 1940ರಲ್ಲಿ ಬಂತು, ದೂರವಾಣಿನಗರದ ಐಟಿಐ 1948ರಲ್ಲಿ, ಆಮೇಲೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ತಿಪ್ಪಸಂದ್ರದ ಬಿಇಎಂಎಲ್. ಸುತ್ತಲಿನ ಹಳ್ಳಿಯ ಹುಡುಗರು ಕಾರ್ಖಾನೆಗೆ ಸೇರಿದರು. ಕಾರ್ಖಾನೆಯ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ನಾಟಕ, ಊರಲ್ಲಿ ಹಬ್ಬಕ್ಕೆ ನಾಟಕ. ತಿಂಗಳ ಸಂಬಳ ಬರುತ್ತಿದ್ದುದರಿಂದ ಪಾತ್ರಕ್ಕೆ ಕಟ್ಟಲು ಕೈಯಲ್ಲಿ ದುಡ್ಡೂ ಇತ್ತು.

ಪಾತ್ರಕ್ಕೆ ದುಡ್ಡು

ಹೊರಗಿನವರಿಗೆ ಮೊದಲು ಅರ್ಥವಾಗದ ವಿಷಯ ಇದು. ಈ ನಾಟಕದಲ್ಲಿ ನಟನಿಗೆ ಸಂಭಾವನೆ ಇಲ್ಲ. ನಟನೇ ದುಡ್ಡು ಕೊಡಬೇಕು. ಒಟ್ಟು ಖರ್ಚನ್ನು ಪಾತ್ರಗಳ ಮೇಲೆ ಹಂಚುತ್ತಾರೆ. ಕುರುಕ್ಷೇತ್ರದಲ್ಲಿ ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ಭೀಮ, ಅರ್ಜುನ, ಕರ್ಣ ಅದರ ಕೆಳಗೆ. ವಿದುರ, ಸಾತ್ಯಕಿಗೆ ಕಡಿಮೆ. ಒಂದೇ ಪಾತ್ರಕ್ಕೆ ಇಬ್ಬರು ಆಸೆಪಟ್ಟರೆ ಪಾತ್ರವನ್ನೇ ಎರಡು ಮಾಡುತ್ತಾರೆ: ಒಂದನೇ ದುರ್ಯೋಧನ ಸಂಧಾನದವರೆಗೆ, ಎರಡನೇ ದುರ್ಯೋಧನ ಯುದ್ಧಕ್ಕೆ. ಕೃಷ್ಣನೂ ಹಾಗೆಯೇ.

ಹೊರಗಿನಿಂದ ನೋಡಿದವರು ನಗಬಹುದು. ಆದರೆ ಸರ್ಕಾರದ ಅನುದಾನ, ಕಂಪನಿಗಳ ಪ್ರಾಯೋಜಕತ್ವ ಯಾವುದೂ ಇಲ್ಲದೆ ಈ ನಾಟಕ ಇಷ್ಟು ದಶಕ ಬದುಕಿದ್ದು ಈ ಏರ್ಪಾಡಿನಿಂದಲೇ. ಟಿಕೆಟ್ ಇಲ್ಲ, ಊರಿಗೆಲ್ಲ ಪುಕ್ಕಟೆ. ಒಬ್ಬ ಮನುಷ್ಯ ತನ್ನ ಜೀವನದಲ್ಲಿ ಒಂದು ಸಲ ಕಿರೀಟ ಇಟ್ಟುಕೊಂಡು ತನ್ನ ಊರಿನ ಮುಂದೆ ನಿಲ್ಲಬೇಕು ಅಂತ ವರ್ಷವಿಡೀ ಕೂಡಿಟ್ಟ ದುಡ್ಡಲ್ಲಿ ಮೇಷ್ಟ್ರು, ತಬಲದವರು, ಕಲಾವಿದೆಯರು, ಸೀನರಿಯವರು, ಶಾಮಿಯಾನ, ಮೈಕ್ ಸೆಟ್, ಎಲ್ಲರ ಮನೆ ನಡೆಯುತ್ತೆ.

ತೊಂದರೆಯೂ ಇದರಲ್ಲೇ ಇದೆ. ದುಡ್ಡು ಕೊಟ್ಟವನ ಹಾಡನ್ನು ಯಾರು ಕತ್ತರಿಸುತ್ತಾರೆ? 'ನಾನೂ ಕೊಟ್ಟಿದ್ದೀನಲ್ಲ, ನನ್ನ ಮೂರು ಹಾಡಿನಲ್ಲಿ ಒಂದು ಯಾಕೆ ತೆಗೀತೀರಿ?' ಅಂದ್ರೆ ಮೇಷ್ಟ್ರ ಹತ್ತಿರ ಉತ್ತರ ಇಲ್ಲ. ಅದಕ್ಕೇ ನಾಟಕ ಉದ್ದವಾಗುತ್ತಾ ಹೋಗುತ್ತೆ.

ಇದರ ಮೇಲೆ ಹಾರ. ದುರ್ಯೋಧನ ಒಳಗೆ ಬಂದ, ಕಂದ ಹಾಡಿದ. ಅಷ್ಟರಲ್ಲಿ ಅವನ ಅತ್ತೆ ಮನೆಯವರು, ಸ್ನೇಹಿತರು, ಪಕ್ಕದ ಊರಿನ ಬಳಗ ಹಾರ, ಶಾಲು, ನೋಟಿನ ಮಾಲೆ ಹಿಡಿದು ಸ್ಟೇಜ್ ಹತ್ತುತ್ತಾರೆ. ಮೈಕ್‌ನಲ್ಲಿ ಕೊಟ್ಟವರ ಹೆಸರು, ಊರು, ಮೊತ್ತ ಓದಬೇಕು. ಫೋಟೊ ಆಗಬೇಕು. ಹದಿನೆಂಟು ಪಾತ್ರ, ತಲಾ ಹತ್ತು ನಿಮಿಷ ಅಂತ ಇಟ್ಟುಕೊಂಡರೂ 180 ನಿಮಿಷ, ಅಂದ್ರೆ ಮೂರು ಗಂಟೆ. ಅದಕ್ಕೂ ಮೊದಲು ವೇದಿಕೆ ಕಾರ್ಯಕ್ರಮ: ಗಣ್ಯರು ಬರುವುದು ತಡ, ದೀಪ ಬೆಳಗುವುದು ತಡ, ಭಾಷಣ ಉದ್ದ. ಕರಪತ್ರದಲ್ಲಿ 'ರಾತ್ರಿ 8ಕ್ಕೆ ಸರಿಯಾಗಿ' ಅಂತ ಇದ್ದರೂ ಮೊದಲ ಪರದೆ ಏಳುವಾಗ 10 ಆಗಿರುತ್ತೆ. ಕಾನೂನಿನ ಗಡಿ ಶುರುವಾಗುವುದೂ ಸರಿಯಾಗಿ ಅಲ್ಲಿಂದಲೇ.

ಕಾನೂನು ಏನು ಹೇಳುತ್ತೆ

ಇದು ಊರಿನ ಪೊಲೀಸರು ತಾವಾಗಿ ಮಾಡಿದ ನಿಯಮ ಅಂತ ಎಷ್ಟೋ ಸಂಘದವರು ತಿಳಿದಿದ್ದಾರೆ. ಹಾಗಲ್ಲ. ಕೇಂದ್ರ ಸರ್ಕಾರದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು 2000ದಲ್ಲಿ ಬಂದವು. ಸುಪ್ರೀಂ ಕೋರ್ಟ್ 2005ರಲ್ಲಿ ಅವನ್ನು ಎತ್ತಿಹಿಡಿಯಿತು. ಅದರ ಪ್ರಕಾರ ರಾತ್ರಿ ಅಂದ್ರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗದ ಒಳಗೆ, ಶಬ್ದ ಹೊರಗೆ ಹೋಗದಂತೆ ಬಳಸಬಹುದು. 2010ರ ತಿದ್ದುಪಡಿಯಾದ ಮೇಲೆ ವಾದ್ಯಗಳೂ ಇದರಲ್ಲಿ ಸೇರಿವೆ. 'ಮೈಕ್ ಬೇಡ, ಬರೀ ಹಾರ್ಮೋನಿಯಂ ತಬಲದಲ್ಲಿ ಆಡ್ತೀವಿ' ಅಂದರೂ ನಿಯಮದಿಂದ ತಪ್ಪಿಸಿಕೊಂಡ ಹಾಗಲ್ಲ.

ಒಂದು ಸಡಿಲಿಕೆ ಇದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬದ ಸಂದರ್ಭದಲ್ಲಿ ರಾತ್ರಿ 10ರಿಂದ 12ರವರೆಗೆ ರಾಜ್ಯ ಸರ್ಕಾರ ಅವಕಾಶ ಕೊಡಬಹುದು. ಆದರೆ ಅದು ವರ್ಷಕ್ಕೆ ಒಟ್ಟು 15 ದಿನ ಮೀರಬಾರದು, ಆ ದಿನಗಳನ್ನು ಮೊದಲೇ ಗೊತ್ತುಮಾಡಿರಬೇಕು. ನಿಮ್ಮ ಊರಹಬ್ಬ ಆ ದಿನಗಳಲ್ಲಿ ಬರುತ್ತೋ ಇಲ್ಲವೋ ಅನ್ನುವುದು ಬೇರೆ ಮಾತು. 12ರಿಂದ ಬೆಳಗಿನವರೆಗೆ ಅಂತೂ ಯಾವ ಲೆಕ್ಕದಲ್ಲೂ ಅವಕಾಶ ಇಲ್ಲ.

ಹಗಲಲ್ಲೂ ಮಿತಿ ಇದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಧ್ವನಿವರ್ಧಕ ಹಾಕಿದ ಸಾರ್ವಜನಿಕ ಜಾಗದ ಅಂಚಿನಲ್ಲಿ ಅಳೆದರೆ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಮೇಲೆ ಅಥವಾ 75 ಡೆಸಿಬೆಲ್, ಯಾವುದು ಕಡಿಮೆಯೋ ಅದನ್ನು ದಾಟಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಬಹುದು. ಹಳ್ಳಿಯಲ್ಲಿ ನಾಟಕದ ಬಯಲು ಹೆಚ್ಚಾಗಿ ಶಾಲೆಯ ಮೈದಾನವೇ ಆಗಿರುವುದರಿಂದ ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕರ್ನಾಟಕದಲ್ಲಿ 2022ರ ಮೇ ತಿಂಗಳಲ್ಲಿ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿ ಸಹಾಯಕ ಪೊಲೀಸ್ ಆಯುಕ್ತರು, ಪಾಲಿಕೆ ಎಂಜಿನಿಯರ್, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ ಇರುವ ಸಮಿತಿ. ಉಳಿದ ಕಡೆ ಡಿವೈಎಸ್‌ಪಿ, ತಹಶೀಲ್ದಾರ್, ಮಂಡಳಿಯ ಪ್ರತಿನಿಧಿ. ಪೂರ್ವ ತಾಲ್ಲೂಕಿನಲ್ಲಿ ಪಾಲಿಕೆಯೊಳಗಿನ ಊರೂ ಇದೆ, ಪಂಚಾಯಿತಿ ಊರೂ ಇದೆ. ಆದ್ದರಿಂದ ನಿಮ್ಮ ಊರು ಯಾವ ಠಾಣೆಗೆ, ಯಾವ ಸಮಿತಿಗೆ ಸೇರಿದ್ದು ಅಂತ ಕರಪತ್ರ ಅಚ್ಚಿಗೆ ಕೊಡುವ ಮೊದಲೇ ತಿಳಿದುಕೊಳ್ಳಬೇಕು. ಅರ್ಧ ಗೊಂದಲ ಆಗುವುದೇ ಇಲ್ಲಿ.

ನಿಯಮ ಮೀರಿದರೆ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ದಂಡ. ಮೊದಲು ಜೈಲು ಶಿಕ್ಷೆಯ ಮಾತಿತ್ತು. 2023ರಲ್ಲಿ ಕಾಯ್ದೆ ತಿದ್ದಿ ಅದರ ಬದಲಿಗೆ ₹10,000ದಿಂದ ₹15 ಲಕ್ಷದವರೆಗಿನ ದಂಡ ತಂದಿದ್ದಾರೆ. ಹಳ್ಳಿಯ ಸಂಘಕ್ಕೆ ಕಡಿಮೆ ದಂಡವೇ ಭಾರ. ಅದಕ್ಕಿಂತ ಮೊದಲು ಪೆಟ್ಟು ಬೀಳುವುದು ಮೈಕ್ ಸೆಟ್‌ನವರಿಗೆ. ಬಾಕ್ಸು, ಆಂಪ್ಲಿಫೈಯರ್ ಠಾಣೆಗೆ ಹೋದರೆ ಮುಂದಿನ ಮದುವೆ ಆರ್ಡರೂ ಹೋದಂತೆ.

ಇಂದಿರಾನಗರದ ನಿದ್ದೆ, ಬಿದರಹಳ್ಳಿಯ ದುರ್ಯೋಧನ

ಈ ನಿಯಮ ಕೆಟ್ಟದ್ದು ಅಂತ ಹೇಳಲು ಆಗಲ್ಲ. ಇಂದಿರಾನಗರದ ನಿವಾಸಿಗಳು ಪಬ್ಬುಗಳ ಗದ್ದಲದ ವಿರುದ್ಧ ವರ್ಷಗಟ್ಟಲೆ ಹೋರಾಡಿ ಹೈಕೋರ್ಟ್‌ವರೆಗೆ ಹೋದರು. ಅವರ ಕೈಯಲ್ಲಿದ್ದ ಆಯುಧ ಇದೇ ನಿಯಮ. ವಯಸ್ಸಾದವರು, ಹಸುಗೂಸು, ಬೆಳಗಿನ ಶಿಫ್ಟಿನವರು ಇರುವ ಮನೆಗೆ ಇದು ಬೇಕೇ ಬೇಕು. ಆದರೆ ವರ್ಷದ 365 ರಾತ್ರಿ ನಡೆಯುವ ವ್ಯಾಪಾರಕ್ಕೂ ವರ್ಷಕ್ಕೊಂದು ರಾತ್ರಿ ನಡೆಯುವ ಊರ ನಾಟಕಕ್ಕೂ ಗಡಿಯಾರದ ಮುಳ್ಳು ಒಂದೇ.

ದಂಡಿನ ಕಡೆಯ ಹಬ್ಬಗಳಿಗೆ ಈ ಕಷ್ಟ ಸ್ವಲ್ಪ ಬೇರೆ ಥರ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಜಾತ್ರೆ ಆಗಸ್ಟ್ 29ಕ್ಕೆ ಧ್ವಜ ಏರಿಸಿ ಸೆಪ್ಟೆಂಬರ್ 8ರ ಸಂಜೆಯ ತೇರಿಗೆ ಮುಗಿಯುತ್ತೆ. ಹಲಸೂರು ಸೋಮೇಶ್ವರನ ಪಲ್ಲಕ್ಕಿ ಉತ್ಸವದಲ್ಲಿ ಸುತ್ತಮುತ್ತಲ ದೇವಸ್ಥಾನಗಳ ಹೂವಿನ ಪಲ್ಲಕ್ಕಿಗಳು ಬೀದಿಗೆ ಇಳಿಯುತ್ತವೆ. ಮೆರವಣಿಗೆ ಒಂದು ಮನೆಯ ಮುಂದೆ ಹತ್ತು ನಿಮಿಷ ಇದ್ದು ಮುಂದೆ ಹೋಗುತ್ತೆ. ನಾಟಕ ಹಾಗಲ್ಲ, ಒಂದೇ ಜಾಗದಲ್ಲಿ ಎಂಟು ಗಂಟೆ ಕೂತಿರುತ್ತೆ, ಅದರ ಬಾಕ್ಸು ಒಂದೇ ಕಿಟಕಿಯ ಕಡೆ ನೋಡುತ್ತಿರುತ್ತೆ. ದೂರು ಕೊಟ್ಟವರು ಹೊಸಬರು ಅಂತ ಊರಿನವರು ಬೈಯುತ್ತಾರೆ. ಆದರೆ ಈಗ ಊರಿನವರದ್ದೇ ಮಕ್ಕಳು ಆ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ, ಬೆಳಗ್ಗೆ ಅವರಿಗೂ ಕೆಲಸ ಇದೆ.

ಸಂಘಗಳ ಮುಂದಿರುವ ದಾರಿ

ಹೊರಗಿನ ಸಭಾಂಗಣಕ್ಕೆ ಹೋಗಿ ಆಡುವುದು ಒಂದು. 1963ರಲ್ಲಿ ಕಟ್ಟಿದ ರವೀಂದ್ರ ಕಲಾಕ್ಷೇತ್ರದಲ್ಲಿ ಹಳ್ಳಿ ಸಂಘಗಳು ಹಗಲಲ್ಲೇ ಕುರುಕ್ಷೇತ್ರ ಆಡುವುದು ಹೊಸದೇನಲ್ಲ. ಪಾತ್ರಧಾರಿಗೆ ಹೆಮ್ಮೆ. ಆದರೆ ಊರಿನ ಅಜ್ಜಿಯರು, ಮಕ್ಕಳು ಬಸ್ಸು ಹತ್ತಿ ಅಲ್ಲಿಗೆ ಹೋಗಲ್ಲ. ದೇವರ ಮುಂದೆ ಆಡಿದ ಹಾಗೂ ಆಗಲ್ಲ. ಹಬ್ಬ ಒಂದು ಕಡೆ, ನಾಟಕ ಇನ್ನೊಂದು ಕಡೆ ಆಗಿಬಿಡುತ್ತೆ.

ಬೇಗ ಶುರು ಮಾಡುವುದು ಇನ್ನೊಂದು. ಮಧ್ಯಾಹ್ನ 3ಕ್ಕೆ ಪರದೆ ಎದ್ದರೆ ರಾತ್ರಿ 10ಕ್ಕೆ ಏಳು ಗಂಟೆ ಸಿಗುತ್ತೆ. ಲೆಕ್ಕದಲ್ಲಿ ಸರಿ. ಆದರೆ ಬಿಸಿಲಲ್ಲಿ ಬಣ್ಣದ ಲೈಟು ಕಾಣಲ್ಲ, ಮುಖಕ್ಕೆ ಹಾಕಿದ ಬಣ್ಣ ಬೆವರಿಗೆ ಇಳಿಯುತ್ತೆ. ಸಂಜೆ ಹಸು ಕರೆದು ಡೇರಿಗೆ ಹಾಲು ಹಾಕುವ ಹೊತ್ತಿಗೆ ಅರ್ಧ ಜನ ಎದ್ದು ಹೋಗುತ್ತಾರೆ. ಗಾರ್ಮೆಂಟ್ಸಿಗೆ ಹೋದ ಹೆಣ್ಣುಮಕ್ಕಳು ಬರುವುದೇ 7ಕ್ಕೆ. ಭಾನುವಾರ ಇಟ್ಟರೆ ಈ ಕಷ್ಟ ಅರ್ಧ ಕಡಿಮೆ.

ಎರಡು ಸಂಜೆಗೆ ಹಂಚುವುದು ಮೂರನೆಯದು. ಮೊದಲ ದಿನ ಸಂಧಾನದವರೆಗೆ, ಎರಡನೇ ದಿನ ಯುದ್ಧ. ಹೇಗೂ ಇಬ್ಬರು ದುರ್ಯೋಧನರು, ಇಬ್ಬರು ಕೃಷ್ಣರು ಇದ್ದಾರೆ, ನಾಟಕ ತಾನಾಗೇ ಎರಡು ಭಾಗವಾಗಿದೆ. ಪಾತ್ರಕ್ಕೆ ದುಡ್ಡು ಕೊಟ್ಟ ಯಾರ ಹಾಡೂ ಹೋಗಲ್ಲ. ಖರ್ಚು ಹೆಚ್ಚುತ್ತೆ ನಿಜ: ಡ್ರೆಸ್, ಸೀನರಿ, ಶಾಮಿಯಾನಕ್ಕೆ ಇನ್ನೊಂದು ದಿನದ ಬಾಡಿಗೆ, ಕಲಾವಿದೆಯರಿಗೆ ಇನ್ನೊಂದು ದಿನದ ಸಂಭಾವನೆ. ಶಾಮಿಯಾನದವರ ಹತ್ತಿರ ಎರಡು ದಿನಕ್ಕೆ ಒಟ್ಟಾಗಿ ಮಾತಾಡಿದರೆ ಎರಡರಷ್ಟು ಆಗಲ್ಲ.

ದುಡ್ಡೇ ಬೇಕಿಲ್ಲದ ದಾರಿಯೊಂದಿದೆ, ಅದೇ ಎಲ್ಲಕ್ಕಿಂತ ಕಷ್ಟ. ಹಾರ, ಶಾಲು, ಹೆಸರು ಓದುವುದನ್ನು ನಾಟಕದ ಒಳಗಿನಿಂದ ಹೊರಗೆ ತೆಗೆಯುವುದು. ನಾಟಕದ ಹಿಂದಿನ ಸಂಜೆ ದೇವಸ್ಥಾನದ ಮುಂದೆ ಎಲ್ಲಾ ಪಾತ್ರಧಾರಿಗಳನ್ನು ಕೂರಿಸಿ ಒಟ್ಟಿಗೆ ಸನ್ಮಾನ ಮಾಡಿದರೆ ಮೂರು ಗಂಟೆ ಉಳಿಯುತ್ತೆ. ಗಣ್ಯರ ಭಾಷಣವೂ ಅವತ್ತೇ ಮುಗಿಯಲಿ. ಕತ್ತರಿಸಬೇಕಾದ್ದು ಕಂದವನ್ನಲ್ಲ, ಹಾರವನ್ನು. ಆದರೆ ವೇಷದಲ್ಲಿ ಇರುವಾಗಲೇ ಹಾರ ಬೀಳಬೇಕು ಅನ್ನುವುದು ಪಾತ್ರಧಾರಿಯ ಆಸೆ. ಅದಕ್ಕೇ ಪಾತ್ರ ಹಂಚುವ ದಿನವೇ, ದುಡ್ಡು ಕಟ್ಟಿಸಿಕೊಳ್ಳುವ ಮೊದಲೇ, ಹಾರ ಯಾವಾಗ, ಹಾಡು ಎಷ್ಟು ಅಂತ ಮೇಷ್ಟ್ರ ಎದುರಿಗೆ ಬರೆದಿಟ್ಟುಕೊಳ್ಳಬೇಕು. ಪ್ರದರ್ಶನದ ರಾತ್ರಿ ಇದನ್ನು ಹೇಳಲು ಹೋದರೆ ಜಗಳ ಗ್ಯಾರಂಟಿ.

ಹಳೆ ಮದ್ರಾಸ್ ರಸ್ತೆಯ ಆಚೆ ತುದಿ

ರಾತ್ರಿಯಿಡೀ ನಾಟಕ ನೋಡುವ ಜನ ಈಗ ಇಲ್ಲ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಕೆ.ವೈ.ನಾರಾಯಣಸ್ವಾಮಿ ನಾಟಕ ಮಾಡಿದರು, ಸಿ.ಬಸವಲಿಂಗಯ್ಯ ನಿರ್ದೇಶಿಸಿದರು. 2010ರಲ್ಲಿ ಮೈಸೂರಿನಲ್ಲಿ, 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ಅದು ರಾತ್ರಿಯಿಂದ ಬೆಳಗಿನವರೆಗೆ ನಡೆಯಿತು. ಪೇಟೆಯ ಜನ ಟಿಕೆಟ್ ಕೊಂಡು, ಕಂಬಳಿ ಹೊದ್ದು ನೋಡಿದರು. ಹಳ್ಳಿಯ ಅಭ್ಯಾಸ ಪೇಟೆಯಲ್ಲಿ ಹೊಸ ಅನುಭವ ಅನಿಸಿಕೊಂಡಿತು.

ಕೆ.ಆರ್.ಪುರದಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಹೊಸಕೋಟೆ ದಾಟಿ ಹೋದರೆ ಕೋಲಾರ. ಅಲ್ಲಿ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ 'ಆದಿಮ' ಇದೆ. ಹುಣ್ಣಿಮೆಯ ರಾತ್ರಿ ಅಲ್ಲಿ 'ಹುಣ್ಣಿಮೆ ಹಾಡು' ಅಂತ ಹಾಡು, ನಾಟಕ ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಊರ ಮಧ್ಯದ ತೊಡಕಿಲ್ಲ. ಇನ್ನೂ ದೂರದ ಮಾದರಿ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು. 1949ರಲ್ಲಿ ಶುರುವಾದ ನೀನಾಸಂ, ಕೆ.ವಿ.ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ತಿರುಗಾಟವನ್ನು ಆರಂಭಿಸಿತು. ಹಳ್ಳಿಯೊಳಗೇ ಒಂದು ಮುಚ್ಚಿದ ರಂಗಮಂದಿರ ಕಟ್ಟಿಕೊಂಡದ್ದು ಅಲ್ಲಿನ ದೊಡ್ಡ ಬಲ. ಪೂರ್ವ ತಾಲ್ಲೂಕಿನಲ್ಲಿ ವೈಟ್‌ಫೀಲ್ಡ್‌ನ ಜಾಗೃತಿ ರಂಗಮಂದಿರದಂಥ ಒಳ್ಳೆಯ ಜಾಗ ಇದ್ದರೂ ಕುರುಕ್ಷೇತ್ರದ ಸಂಘ ಅಲ್ಲಿಗೆ ಹೋಗುವುದು ಕಾಣದು. ಪಂಚಾಯಿತಿಯ ಸಮುದಾಯ ಭವನಗಳು ಎಷ್ಟೋ ಊರಲ್ಲಿವೆ. ಮದುವೆ ಇಲ್ಲದ ದಿನ ಬೀಗ. ನಾಟಕದ ಪರದೆ ಕಟ್ಟುವಷ್ಟು ಎತ್ತರದ ವೇದಿಕೆ, ಗೋಡೆಗೆ ಶಬ್ದ ತಡೆಯುವ ಏರ್ಪಾಡು ಕಟ್ಟುವಾಗಲೇ ಇಟ್ಟಿದ್ದರೆ 10ರ ನಂತರವೂ ಅಲ್ಲಿ ಆಡಬಹುದಿತ್ತು. ಇನ್ನು ಮುಂದೆ ಭವನ ಕಟ್ಟುವ ಊರುಗಳು ಗ್ರಾಮಸಭೆಯಲ್ಲಿ ಇದನ್ನು ಕೇಳಿ ಬರೆಸಬಹುದು.

ಅಂಗಡಿಯವರು ಗಮನಿಸಬೇಕಾದ್ದು

ನಾಟಕದ ರಾತ್ರಿ ಅಂದ್ರೆ ಟೀ, ಬೋಂಡ, ಕಡ್ಲೆಕಾಯಿ, ಬೀಡಾ ಅಂಗಡಿಗೆ ಒಂದು ಸಣ್ಣ ಜಾತ್ರೆ. ಸಮಯ ಸಂಜೆಗೆ ಬಂದರೆ ವ್ಯಾಪಾರವೂ ಬದಲಾಗುತ್ತೆ: ನಡುರಾತ್ರಿಯ ಟೀ ಕಡಿಮೆಯಾಗಿ, 7ರಿಂದ 9ರೊಳಗೆ ತಿಂಡಿ ಹೆಚ್ಚು ಹೋಗುತ್ತೆ. ಕೆಲವು ಅಂಗಡಿಯವರು ಕರಪತ್ರಕ್ಕೆ ಜಾಹೀರಾತು ಕೊಡುತ್ತಾರೆ. ಕೊಡುವ ಮೊದಲು ಅನುಮತಿ ಪತ್ರ ಬಂದಿದೆಯೇ ಅಂತ ಕೇಳುವುದು ತಪ್ಪಲ್ಲ. ದಿನಾಂಕ ಮುಂದೆ ಹೋದರೆ ಕರಪತ್ರವೂ ಜಾಹೀರಾತೂ ದಂಡ.

ಮೈಕ್, ಲೈಟಿನವರು ಸಂಘದಿಂದ ಅನುಮತಿಯ ನಕಲನ್ನು ಮೊದಲೇ ಪಡೆದು ಜೇಬಲ್ಲಿ ಇಟ್ಟುಕೊಳ್ಳಲಿ. ಊರ ತುಂಬ ಕಂಬಕ್ಕೆ ಕಟ್ಟುವ ಹಾರ್ನ್ ಬಿಟ್ಟು, ಪ್ರೇಕ್ಷಕರ ಕಡೆಗೆ ಮಾತ್ರ ತಿರುಗಿದ ಚಿಕ್ಕ ಬಾಕ್ಸು ನಾಲ್ಕು ಇಟ್ಟರೆ ನಾಟಕ ಕೇಳುವವರಿಗೂ ಚೆನ್ನ, ಕೇಳದವರಿಗೂ ಚೆನ್ನ. ವಿದ್ಯುತ್ ಅನ್ನು ಪಕ್ಕದ ಕಂಬದಿಂದ ಎಳೆಯುವುದು ಬೇಡ, ಬೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಡಬಹುದು.

ನಾಟಕದ ಹಕ್ಕಿನ ಬಗ್ಗೆಯೂ ಕೆಲವರಿಗೆ ಅನುಮಾನ ಇರುತ್ತೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವ ಪ್ರದರ್ಶನಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟು ಆಡಿದರೆ ಲೆಕ್ಕ ಬೇರೆ.

ದಿನ ಗೊತ್ತುಮಾಡುವಾಗ ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆಯ ವೇಳಾಪಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಮಾರ್ಚ್ ತಿಂಗಳಲ್ಲಿ ಊರಹಬ್ಬಗಳೂ ಹೆಚ್ಚು, ಪರೀಕ್ಷೆಯೂ ಆಗಲೇ, ದೂರುಗಳೂ ಆಗಲೇ. ಸಂಕ್ರಾಂತಿ ಮತ್ತು ಶಿವರಾತ್ರಿಯ ನಡುವೆ ಒಂದು ಭಾನುವಾರ ಸಿಕ್ಕರೆ ಎಲ್ಲರಿಗೂ ಅನುಕೂಲ. ಆ ದಿನಕ್ಕೆ ಮೇಷ್ಟ್ರು ಬೇಕು ಅಂದ್ರೆ ದಸರಾ ಮುಗಿದ ಕೂಡಲೇ ಮಾತಾಡಬೇಕು, ಆಮೇಲೆ ಅವರ ರಾತ್ರಿಗಳು ಬೇರೆ ಊರುಗಳಿಗೆ ಹೋಗಿರುತ್ತವೆ.